ಬಾಯಾರಿನ ಮನೆಯಲ್ಲಿ ಸುರಂಗದ ನೀರು

"ಆಸರಿಂಗೆಂತಕ್ಕು?" ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಬಾಯಾರಿನ ಹವ್ಯಕರ ಮನೆಗೆ ಹೋದರೆ ಮೊದಲು ಕೇಳುವ ಮಾತಿದು. ಕುಡಿಯಲು ಏನಾದೀತು ಎಂದರ್ಥ. ಏಪ್ರಿಲ್ ಬಿಸಿಲಲ್ಲಿ ಬಂದದ್ದು ಒಂದು ತುಂಡು ಬೆಲ್ಲ, ಒಂದು ಚೆಂಬು ತಂಪು ನೀರು. ಅಂಗಳದ ಮೂಲೆಯ ಪೈಪಿನಿಂದ ಆ ನೀರು ಹಗಲೂ ರಾತ್ರಿ ಟ್ಯಾಂಕಿಗೆ ಬೀಳುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ಮನೆಯ ಹಿಂದಿನ ಗುಡ್ಡದ ಸುರಂಗವೇ ಮೂಲ.

ಸಂಜೆ ಯಜಮಾನರು ಸುರಂಗಕ್ಕೆ ಕರೆದುಕೊಂಡು ಹೋದರು. "ಚಪ್ಪಲಿ ಇಲ್ಲೇ ಬಿಡಿ, ಒಳಗೆ ಜಾರ್ತದೆ." ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ ಅದು: ಎತ್ತರ ಒಬ್ಬ ಮನುಷ್ಯನಷ್ಟು, ಅಗಲ ಎರಡು ಅಡಿ. ಉದ್ದವನ್ನು ಕೋಲಿನಲ್ಲಿ ಹೇಳುತ್ತಾರೆ, ಒಂದು ಕೋಲು ಎಂದರೆ ಸುಮಾರು 72 ಸೆಂಟಿಮೀಟರ್. ಒಳಕ್ಕೆ ಹೋದಂತೆ ನೆಲ ತುಸು ಏರಬೇಕು, ಇಲ್ಲವಾದರೆ ನೀರು ಹೊರಗೆ ಬರದೆ ಅಲ್ಲೇ ನಿಲ್ಲುತ್ತದೆ. ತೋಡುವುದು ಬೇಸಗೆಯಲ್ಲೇ. ಮಳೆಗಾಲ ಮುಗಿದ ಕೂಡಲೇ ತೋಡಿದರೆ ಎಲ್ಲ ಕಡೆ ಒಸರು ಕಾಣುತ್ತದೆ, ಮೋಸ ಹೋಗುತ್ತೇವೆ. ಏಪ್ರಿಲಿನಲ್ಲಿ ಸಿಕ್ಕ ಒಸರನ್ನು ನಂಬಬಹುದು.

ತೋಡುವವನ ಪಕ್ಕದಲ್ಲಿ ದೀಪ ಉರಿಯುತ್ತಿರಬೇಕು. ಅದು ಮಂಕಾದರೆ ಗಾಳಿ ಸಾಲದು ಎಂದು ಲೆಕ್ಕ, ಆ ಕ್ಷಣವೇ ಹೊರಗೆ ಬರಬೇಕು. ತುಂಬ ಉದ್ದದ ಸುರಂಗಕ್ಕೆ ಗಾಳಿಗಾಗಿ ಮೇಲಿನಿಂದ ಬಾವಿಯಂತೆ ಗುಂಡಿ ಇಳಿಸುತ್ತಾರೆ. ಗಟ್ಟಿ ಮುರಕಲ್ಲು ಆಧಾರವಿಲ್ಲದೆ ನಿಲ್ಲುತ್ತದೆ, ಶೇಡಿಮಣ್ಣು, ಅಂದರೆ ಮೆತ್ತನೆಯ ಬಿಳಿ ಜೇಡಿ, ನಿಲ್ಲುವುದಿಲ್ಲ. ನೆನೆದರೆ ಅದು ಮಾಡಿನಿಂದಲೇ ಕಳಚಿ ಬೀಳುತ್ತದೆ. ಹಾಗಾಗಿ ಸ್ವಚ್ಛ ಮಾಡಲು ಒಬ್ಬರೇ ಹೋಗುವ ಕ್ರಮವಿಲ್ಲ, ಮಳೆಗಾಲದಲ್ಲಂತೂ ಯಾರೂ ಹೋಗಬಾರದು.

ಬಾಯಿಯಿಂದ ನಾಲ್ಕು ಹೆಜ್ಜೆ ಒಳಗೆ ಮಣ್ಣಿನ ಸಣ್ಣ ಕಟ್ಟ, ಅದಕ್ಕೆ ಪೈಪು. ಹಿಂದೆ ಅಡಿಕೆಮರ ಸೀಳಿ ತಿರುಳು ತೆಗೆದ ದಂಬೆಯಲ್ಲಿ ನೀರು ಹರಿಸುತ್ತಿದ್ದರು. ಪೈಪಿನ ಬಾಯಿಗೆ ಬಲೆ ಕಟ್ಟದಿದ್ದರೆ ಬೇರಿನ ಎಳೆ, ಕೆಸರು ಸೇರಿ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಗಾಳಿಯದ್ದು. ಕಟ್ಟದ ನೀರು ಪೈಪಿನ ಬಾಯಿಗಿಂತ ಕೆಳಗಿಳಿದರೆ ಗಾಳಿ ಒಳಗೆ ಹೋಗಿ, ಪೈಪು ಎಲ್ಲಿ ಮೇಲಕ್ಕೆ ಉಬ್ಬಿದೆಯೋ ಅಲ್ಲಿ ನಿಲ್ಲುತ್ತದೆ. ಸುರಂಗದಲ್ಲಿ ನೀರಿದ್ದರೂ ಅಂಗಳಕ್ಕೆ ಬರುವುದಿಲ್ಲ. ಉಬ್ಬು ತೆಗೆದು ಪೈಪನ್ನು ಒಂದೇ ಇಳಿಜಾರಿಗೆ ತರಬೇಕು. ಆಗದಿದ್ದರೆ ಉಬ್ಬಿನ ನೆತ್ತಿಯಲ್ಲಿ ಗಾಳಿ ಹೋಗಲು ಸಣ್ಣ ಕೊಳವೆ ನಿಲ್ಲಿಸಬೇಕು.

ರಾತ್ರಿ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಊಟವಾದ ಮೇಲೆ ಅಳತೆ. 15 ಲೀಟರಿನ ಕೊಡಪಾನವನ್ನು ಪೈಪಿನಡಿ ಇಟ್ಟು ಗಡಿಯಾರ ನೋಡಿದರು: ಐದು ನಿಮಿಷ. ನಿಮಿಷಕ್ಕೆ ಮೂರು ಲೀಟರ್, ದಿನಕ್ಕೆ 4,320. ಮನೆ, ದನದ ಹಟ್ಟಿಗೆ ಸಾವಿರ ಕಳೆದರೆ ತೋಟಕ್ಕೆ 3,300 ಚಿಲ್ಲರೆ. ಬುಡದ ಗುಂಡಿಗೆ ಬಿಡುವುದಾದರೆ ಬೇಸಗೆಯಲ್ಲಿ ಒಂದು ಅಡಿಕೆಮರಕ್ಕೆ ಸಲಕ್ಕೆ 175 ಲೀಟರ್, ಅಂದರೆ ದಿನಕ್ಕೆ ಹತ್ತೊಂಬತ್ತೇ ಮರ. ಐದು ದಿನದ ಸುತ್ತಿನಲ್ಲಿ ತೊಂಬತ್ತೈದರ ಹತ್ತಿರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್ ಕೊಟ್ಟರೆ ಅದೇ ನೀರು ನೂರ ಎಂಬತ್ತು ಮರಕ್ಕೆ ಸಾಕು. ಈ ಮನೆಯವರು ಹನಿಗೆ ಬದಲಾದದ್ದು ಈ ಲೆಕ್ಕ ನೋಡಿಯೇ. ಸೂಕ್ಷ್ಮವಾದ ಕೆಸರು ಹನಿಯ ತೂತು ಮುಚ್ಚುವುದರಿಂದ ಟ್ಯಾಂಕಿನ ತಳದಿಂದಲ್ಲ, ಒಂದು ಗೇಣು ಮೇಲಿನಿಂದ ನೀರು ತೆಗೆಯುತ್ತಾರೆ.

"ಹೋದ ವಾರ ನಾಲ್ಕು ನಿಮಿಷ ಇತ್ತು," ಎನ್ನುತ್ತ ಯಜಮಾನರು ಹಟ್ಟಿಯ ಗೋಡೆಯಲ್ಲಿ ಇದ್ದಿಲಿನಿಂದ ಐದು ಎಂದು ಬರೆದರು. ಆ ಸಾಲು ಡಿಸೆಂಬರಿನಲ್ಲಿ ಶುರುವಾದದ್ದು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಯಾರೂ ಕೊಡಪಾನ ಇಡುವುದಿಲ್ಲ.