ಪಾಲ್ಮಾ ಕ್ಲಿಯರ್ ಆತಂತ್ರೀ

“ಮೇಡಂ, ಪಾಲ್ಮಾ ಕ್ಲಿಯರ್ ಆತಂತ್ರೀ. ಇನ್ನ ಮಾರಬ್ಯಾಡ್ರಿ, ಹಿಡ್ಕೊಂಡ ಕೂಡ್ರಿ.”

ಸೋಮವಾರ ಬೆಳಿಗ್ಗೆ ನಾಮಿನಿ ಬದಲಾವಣೆಯ ಅರ್ಜಿಗೆ ಸಹಿ ಹಾಕಲೆಂದು ಹುಬ್ಬಳ್ಳಿಯ ಸಬ್‌ಬ್ರೋಕರ್ ಕಚೇರಿಗೆ ಹೋದವಳು ಇನ್ನೂ ಕುರ್ಚಿ ಎಳೆದುಕೊಂಡಿರಲಿಲ್ಲ, ಟರ್ಮಿನಲ್ ಮುಂದೆ ಕೂತಿದ್ದ ಹುಡುಗ ಪರದೆಯಿಂದ ಕಣ್ಣು ತೆಗೆಯದೆಯೇ ಈ ಮಾತು ಹೇಳಿದ. ಒಳ್ಳೆಯ ಹುಡುಗ. ವಯಸ್ಸಾದವರಿಗೆ ಒಟಿಪಿ ಹಾಕುವುದನ್ನು ಹತ್ತು ಸಲ ಹೇಳಿಕೊಟ್ಟರೂ ಮುಖ ಗಂಟಿಕ್ಕಿದವನಲ್ಲ. ಶುಭಸುದ್ದಿಯನ್ನು ತಾನೇ ಮೊದಲು ತಿಳಿಸಬೇಕೆಂಬ ಸಡಗರ ಅವನದು. ಆದರೆ ಆ ‘ಕ್ಲಿಯರ್’ ಎಂಬ ಪದ ಐದು ದಿನಗಳಿಂದ ನನ್ನ ಕಿವಿ ಬಿಟ್ಟು ಹೋಗಿಲ್ಲ. ಚೆಕ್ ಕ್ಲಿಯರ್ ಆಗುತ್ತದೆ, ಕಟ್ಟಿಕೊಂಡ ಮೋರಿ ಕ್ಲಿಯರ್ ಆಗುತ್ತದೆ, ಹಳೆಯ ಬಾಕಿ ಕ್ಲಿಯರ್ ಆಗುತ್ತದೆ. ಒಂದು ಊರು ಕ್ಲಿಯರ್ ಆಗುವುದು ಎಂದರೇನು?

ಪಾಲ್ಮಾ ಇರುವುದು ಆಫ್ರಿಕಾದ ಮೊಜಾಂಬಿಕ್‌ನ ಉತ್ತರ ತುದಿಯ ಕಾಬೊ ಡೆಲ್ಗಾಡೊ ಪ್ರಾಂತ್ಯದ ಕಡಲಂಚಿನಲ್ಲಿ. ಅಲ್ಲಿನ ಕಡಲ ತಳದ ನೈಸರ್ಗಿಕ ಅನಿಲ ಯೋಜನೆಗೆ 2021ರ ಏಪ್ರಿಲ್‌ನಲ್ಲಿ, ಪರಿಸ್ಥಿತಿ ಕೈಮೀರಿದೆ ಎಂದು ಕಾನೂನಿನ ಭಾಷೆಯಲ್ಲಿ ಸಾರಿ ಹಾಕಿದ್ದ ತಡೆಯನ್ನು ಫ್ರಾನ್ಸಿನ ಟೋಟಲ್‌ಎನರ್ಜೀಸ್ ಕಂಪನಿ 2025ರ ನವೆಂಬರ್ ಮೊದಲ ವಾರದಲ್ಲಿ ತೆಗೆದಿದೆ. ಮೊದಲ ಅನಿಲ 2029ರಲ್ಲಿ ಹೊರಬೀಳಬಹುದಂತೆ. ಅದರಲ್ಲಿ ಭಾರತ್ ಪೆಟ್ರೋಲಿಯಂನ ಅಂಗಸಂಸ್ಥೆಗೆ ಶೇ. 10ರಷ್ಟು ಪಾಲಿದೆ. ಓಎನ್‌ಜಿಸಿ ವಿದೇಶ್ ಮತ್ತು ಆಯಿಲ್ ಇಂಡಿಯಾಗಳ ಪಾಲನ್ನೂ ಕೂಡಿಸಿದರೆ ಭಾರತದ ಸರ್ಕಾರಿ ಕಂಪನಿಗಳದ್ದೇ ಶೇ. 30 ಆಗುತ್ತದೆ, ಯೋಜನೆಯನ್ನು ನಡೆಸುವ ಟೋಟಲ್‌ನ 26.5ಕ್ಕಿಂತ ಹೆಚ್ಚು. ಭಾರತ್ ಪೆಟ್ರೋಲಿಯಂನ ಷೇರು ನನ್ನ ಬಳಿಯೂ ಇವೆ. ಹಾಗಾಗಿ, ಎಷ್ಟೇ ಸಣ್ಣದಾದರೂ, ಆ ಕಡಲ ತಳದಲ್ಲಿ ನನ್ನದೂ ಒಂದು ಪಾಲಿದೆ.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ 2019ರಲ್ಲಿ ನಿವೃತ್ತಳಾದೆ. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭಾರತ್ ಪೆಟ್ರೋಲಿಯಂನಲ್ಲಿದ್ದ ತನ್ನ ಶೇ. 53.29ರಷ್ಟು ಪಾಲನ್ನು ಪೂರ್ತಿಯಾಗಿ ಮಾರುವುದಾಗಿ ನಿರ್ಧರಿಸಿತು. ಆಗ ಈ ಕಚೇರಿಯಲ್ಲಿ ದಿನವೂ ಬಂದು ಕೂರುತ್ತಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಲೆಕ್ಕ ವಿವರಿಸಿದ್ದರು. ಕಂಪನಿಯ ಶೇ. 25 ದಾಟಿ ಯಾರು ಕೊಂಡರೂ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಉಳಿದ ಷೇರುದಾರರಿಂದ ಇನ್ನೂ ಶೇ. 26ರಷ್ಟನ್ನು ಕೊಳ್ಳಲು ಓಪನ್ ಆಫರ್ ಕೊಡಲೇಬೇಕು, ಆ ಬೆಲೆ ಮಾರುಕಟ್ಟೆ ಬೆಲೆಗಿಂತ ಮೇಲೇ ಇರುತ್ತದೆ, ನಾವು ಸುಮ್ಮನೆ ಹಿಡಿದು ಕೂತರೆ ಸಾಕು ಎಂಬುದು ಅವರ ವಾದ. ನಿವೃತ್ತಿಯ ಹಣದಲ್ಲಿ ಸುಮಾರು ಎರಡು ಲಕ್ಷ ಹಾಕಿದೆ.

ಅವರ ನೋಟ್‌ಬುಕ್ಕು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಇನ್ನೂರು ಪುಟದ ರೂಲ್ಡ್ ಪುಸ್ತಕ, ಅಂಚಿಗೆ ಬ್ಯಾಂಕಿನವರ ಶಿಸ್ತಿನಲ್ಲಿ ಕೆಂಪು ಗೆರೆ, ‘ಮೊಜಾಂಬಿಕ್’ ಎಂದು ಮೇಲೆ ಬರೆದ ಪುಟದಲ್ಲಿ ಸಾಲಾಗಿ ನಾಲ್ಕು ವ್ಯಾಪಾರಗಳು. ಮೊದಲನೆಯದು 2012ರದ್ದು. ಕೋವ್ ಎನರ್ಜಿ ಎಂಬ ಪುಟ್ಟ ಬ್ರಿಟಿಷ್ ಕಂಪನಿಗೆ ಅಲ್ಲಿ ಶೇ. 8.5ರ ಪಾಲಿತ್ತು. ಶೆಲ್ ಷೇರಿಗೆ 195 ಪೆನ್ಸ್ ಎಂದಿತು, ಥಾಯ್ಲೆಂಡಿನ ಪಿಟಿಟಿ 220 ಎಂದಿತು, ಶೆಲ್ ಸರಿಗಟ್ಟಿತು, ಪಿಟಿಟಿ 240ಕ್ಕೆ ಏರಿಸಿತು, ಶೆಲ್ ಹಿಂದೆ ಸರಿಯಿತು. ಒಟ್ಟು ಬೆಲೆ ಸುಮಾರು 190 ಕೋಟಿ ಡಾಲರ್. ಇಂಥದೊಂದು ಪೈಪೋಟಿಯ ಕಥೆ ಕೇಳಿದ ಸಣ್ಣ ಹೂಡಿಕೆದಾರನಿಗೆ ನಿದ್ದೆ ಬರುವುದಿಲ್ಲ. ಮುಂದಿನ ವರ್ಷ ವಿಡಿಯೋಕಾನ್ ತನ್ನ ಶೇ. 10ನ್ನು ಓಎನ್‌ಜಿಸಿ ವಿದೇಶ್ ಮತ್ತು ಆಯಿಲ್ ಇಂಡಿಯಾಕ್ಕೆ 247.5 ಕೋಟಿ ಡಾಲರಿಗೆ ಮಾರಲು ಒಪ್ಪಿತು. ಅದೇ 2013ರಲ್ಲಿ ಅಮೆರಿಕದ ಅನಡಾರ್ಕೊ ಇನ್ನೊಂದು ಶೇ. 10ನ್ನು ಓಎನ್‌ಜಿಸಿ ವಿದೇಶ್‌ಗೇ 264 ಕೋಟಿಗೆ ಕೊಟ್ಟಿತು. ಈ ಮೂರು ಸಾಲುಗಳ ಕೆಳಗೆ ಅವರು ‘ನಮ್ಮದು: 10%’ ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದರು.

ನಾಲ್ಕನೆಯ ಸಾಲನ್ನು ಅವರು ಪೆನ್ಸಿಲ್ಲಿನಲ್ಲಿ ಬರೆದಿದ್ದರು. 2019ರಲ್ಲಿ ಅನಡಾರ್ಕೊ ಕಂಪನಿಯನ್ನೇ ಕೊಳ್ಳಲು ಶೆವ್ರಾನ್ ಮತ್ತು ಆಕ್ಸಿಡೆಂಟಲ್ ನಡುವೆ ಹಗ್ಗಜಗ್ಗಾಟ ನಡೆದು, ಆಕ್ಸಿಡೆಂಟಲ್ ಗೆದ್ದು, ಮೊಜಾಂಬಿಕ್‌ನ ಶೇ. 26.5ನ್ನು 390 ಕೋಟಿ ಡಾಲರಿಗೆ ಟೋಟಲ್‌ಗೆ ದಾಟಿಸಿತು. ಶೇ. 10ಕ್ಕೆ ಲೆಕ್ಕ ಹಾಕಿದರೆ 150 ಕೋಟಿಯೂ ಆಗುವುದಿಲ್ಲ. ಆರು ವರ್ಷಗಳಲ್ಲಿ ಬೆಲೆ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಅದು ಅಳಿಸಬಹುದಾದ ಸಾಲಾಗಿ ಯಾಕೆ ಉಳಿಯಿತು ಎಂದು ನಾನು ಆಗ ಕೇಳಬೇಕಿತ್ತು. ಕೈಗೆ ಬಂದ 247.5 ಕೋಟಿ ಡಾಲರ್ ವಿಡಿಯೋಕಾನನ್ನೂ ಕಾಪಾಡಲಿಲ್ಲ, ಅದು 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತೆಂಬುದೂ ನಮಗೆಲ್ಲ ಗೊತ್ತಿತ್ತು. ಅದನ್ನೂ ಯಾರೂ ಎತ್ತಲಿಲ್ಲ. ಒಂದು ಮಾತು ಮಾತ್ರ ದಿನವೂ ಬರುತ್ತಿತ್ತು: “ಯಾರು ತೊಗೋತಾರಂತ?” 2020ರ ನವೆಂಬರ್‌ನಲ್ಲಿ ಮೂರು ಅರ್ಜಿಗಳು ಬಂದವು, ವೇದಾಂತ ಕಂಪನಿಯ ಹೆಸರು ಕೇಳಿಬಂತು, ನಾವು ಕಾದೆವು. 2022ರ ಮೇ ತಿಂಗಳಲ್ಲಿ ಸರ್ಕಾರ ಆ ಮಾರಾಟವನ್ನೇ ಕೈಬಿಟ್ಟಿತು. ನಾನು ಹಣ ಕಳೆದುಕೊಳ್ಳಲಿಲ್ಲ, ಬೋನಸ್ ಷೇರು ಬಂತು, ಲಾಭಾಂಶ ಬಂತು. ನನ್ನ ಸಂಕಟ ದುಡ್ಡಿನದ್ದಲ್ಲ.

ಆ ಎರಡು ವರ್ಷಗಳ ನಡುವೆ ಬಂದದ್ದು 2021ರ ಮಾರ್ಚ್ 24. ಅನಿಲ ಘಟಕ ಎದ್ದೇಳುತ್ತಿದ್ದ ಅಫುಂಗಿ ಭೂಶಿರದ ಪಕ್ಕದ ಪಾಲ್ಮಾ ಪಟ್ಟಣಕ್ಕೆ ಬಂದೂಕುಧಾರಿಗಳು ನುಗ್ಗಿದರು. ಆ ಪ್ರಾಂತ್ಯದಲ್ಲಿ 2017ರಿಂದಲೇ ಹತ್ಯೆಗಳು ನಡೆಯುತ್ತಿದ್ದವು, ಲಕ್ಷಾಂತರ ಜನ ಮನೆಮಠ ಬಿಟ್ಟಿದ್ದರು. ಈ ಸಲ ಹೋಟೆಲೊಂದರಲ್ಲಿ ಸಿಕ್ಕಿಬಿದ್ದವರು ವಾಹನಗಳ ಸಾಲು ಕಟ್ಟಿಕೊಂಡು ಹೊರಟಾಗ ಕೆಲವರನ್ನು ದಾಳಿಕೋರರು ದಾರಿಯಲ್ಲೇ ಹೊಂಚುಹಾಕಿ ಕೊಂದರು. ದೋಣಿ ಸಿಕ್ಕವರು ಕಡಲಿಗಿಳಿದರು, ಸಿಗದವರು ಕಾಡು ಹೊಕ್ಕರು. ಆ ವಾರ ನಾನು ಇದೇ ಕಚೇರಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ನಮ್ಮ ಪಾಲಿಗೆ ಏನೂ ಆಗೂದಿಲ್ಲ ಹೌದಲ್ಲೋ?”

ಸೋಮವಾರ ಹುಡುಗನ ಬಾಯಿಂದ ‘ಕ್ಲಿಯರ್’ ಕೇಳಿದ ಕ್ಷಣ ನೆನಪಾದದ್ದು ನನ್ನ ಈ ಮಾತು. ಅವನ ಮಾತಿಗೆ ನಾನು ನೊಂದುಕೊಳ್ಳುವ ಹಾಗಿಲ್ಲ. ನಾಲ್ಕೂವರೆ ವರ್ಷದ ಹಿಂದೆ ನಾನು ಕೇಳಿದ್ದಕ್ಕೆ ಅವನು ಈಗ ಉತ್ತರ ಕೊಟ್ಟ ಹಾಗಾಯಿತು.

ಇನ್ನೂ ಒಂದು ಕಾರಣಕ್ಕೆ ಅದು ನನ್ನನ್ನು ಬಿಡುತ್ತಿಲ್ಲ. ನನ್ನ ಕೆಲಸದ ಬಹುಭಾಗ ಕಳೆದದ್ದು ಕಾರವಾರದಲ್ಲಿ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಮೀನುಗಾರ ಕುಟುಂಬಗಳ ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದರು. ಒಮ್ಮೆ ಒಬ್ಬ ಹುಡುಗ ಹದಿನೈದು ದಿನ ಶಾಲೆಗೆ ಬಾರದಿದ್ದಾಗ ಅವನ ಮನೆ ಹುಡುಕಿಕೊಂಡು ಹೋಗಿದ್ದೆ. ಹೊಸ ಮನೆಯ ಕಾಂಪೌಂಡ್ ಗೋಡೆಯ ಉದ್ದಕ್ಕೂ ಬಲೆ ಹರವಿದ್ದರು. ಕಡಲಿನಿಂದ ಬಂದ ಬಲೆಗೆ ಒಂದು ವಾಸನೆ ಇರುತ್ತದೆ, ಕಣ್ಣಿಗಳಲ್ಲಿ ಮರಳು, ಪಾಚಿ, ಮೀನಿನ ಚಿಪ್ಪು ಸಿಕ್ಕಿಕೊಂಡಿರುತ್ತವೆ. ಈ ಬಲೆಯಲ್ಲಿ ಅವೇನೂ ಇರಲಿಲ್ಲ. ಒಣಗಿ ಬಿಗಿಯಾಗಿ, ಅದರ ಮೇಲೆ ಹೀರೆಯ ಬಳ್ಳಿ ಹಬ್ಬಿತ್ತು. ಆ ತಂದೆ ನನ್ನೊಡನೆ ಮಾತಾಡುವಷ್ಟು ಹೊತ್ತೂ ಒಂದು ಕೈಯಲ್ಲಿ ಬಲೆಯ ಗಂಟುಗಳನ್ನು ಸವರುತ್ತಲೇ ಇದ್ದರು.

ಅಫುಂಗಿಯಲ್ಲಿ ಘಟಕಕ್ಕೆ ಜಾಗ ಬಿಡಿಸಲು ಕಡಲಂಚಿನ ಮಿಲಾಂಬಾ ಹಳ್ಳಿಯ ಮೀನುಗಾರರನ್ನು ಒಳಗಿನ ಕಿತುಂಡಾ ಎಂಬ ಹೊಸ ಊರಿಗೆ ಕಳಿಸಿದರು. ಐನೂರಕ್ಕೂ ಹೆಚ್ಚು ಕುಟುಂಬಗಳ ಸ್ಥಳಾಂತರ ಅದು. ಕಾಂಕ್ರೀಟ್ ಮನೆಗಳನ್ನು ಕಟ್ಟಿಕೊಟ್ಟರು, ಕಡಲು ಮಾತ್ರ ದೂರವಾಯಿತು. ಪಾಲ್ಮಾದ ಮೇಲೆ ದಾಳಿಯಾದಾಗ ಜೀವ ಉಳಿಸಿಕೊಳ್ಳಲು ಓಡಿದವರಲ್ಲಿ ಸಾವಿರಾರು ಮಂದಿ ಇದೇ ಕಿತುಂಡಾಕ್ಕೆ ಬಂದು ಸೇರಿದ್ದರು. ಇದೆಲ್ಲ ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು, ಮುಚ್ಚಿಟ್ಟ ವಿಷಯವಲ್ಲ. ಕಾರವಾರದ ಆ ಬಲೆಯನ್ನು ಕಂಡ ಕಣ್ಣಿಗೇ ಇದು ಕಾಣಲಿಲ್ಲವಲ್ಲ ಎಂಬುದನ್ನು ನಾನು ನುಂಗಿಕೊಳ್ಳಲಾರೆ. ಮೊಜಾಂಬಿಕ್ ಎಂದರೆ ರಾಜಧಾನಿ ಮಪುಟೊ, ಮುಖ್ಯ ವಾಣಿಜ್ಯ ಬೆಳೆಗಳಲ್ಲೊಂದು ಗೋಡಂಬಿ, ಮಂಗಳೂರಿನ ಕಾರ್ಖಾನೆಗಳಿಗೂ ಅಲ್ಲಿಂದ ಹಸಿ ಗೋಡಂಬಿ ಬರುತ್ತದೆ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದವಳು ನಾನು. ಟಾಂಜಾನಿಯದ ಗಡಿಯ ರುವುಮಾ ನದಿಯನ್ನು ಮಕ್ಕಳಿಂದ ನೀಲಿ ಬಣ್ಣದಲ್ಲಿ ಬರೆಸಿದ್ದೇನೆ. ಆ ನದಿಯ ಮುಖದಿಂದ ದಕ್ಷಿಣಕ್ಕೆ ಬೆರಳನ್ನು ಒಂದಿಷ್ಟು ಜಾರಿಸಿದರೆ ಪಾಲ್ಮಾ.

ಯೋಜನೆ ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ವರ್ಷಕ್ಕೆ 130 ಲಕ್ಷ ಟನ್ ದ್ರವೀಕೃತ ಅನಿಲ ತಯಾರಿಸುವ ಘಟಕ ಅದು. ಅದರಲ್ಲಿ 10 ಲಕ್ಷ ಟನ್‌ಗೆ ಹದಿನೈದು ವರ್ಷಗಳ ಒಪ್ಪಂದ ನಮ್ಮ ಭಾರತ್ ಪೆಟ್ರೋಲಿಯಂ ಕಡೆಯವರದ್ದೇ. ಅಷ್ಟು ಬಡ ದೇಶಕ್ಕೆ ಆ ವರಮಾನ ಬೇಡವೆನ್ನಲು ನಾನು ಯಾರು? ಆದರೆ 2010ರಲ್ಲಿ ಅನಿಲ ಸಿಕ್ಕಂದಿನಿಂದ ಆ ಪಾಲುಗಳು ಲಂಡನ್, ಬ್ಯಾಂಕಾಕ್, ಹ್ಯೂಸ್ಟನ್, ಪ್ಯಾರಿಸ್, ದೆಹಲಿಗಳ ನಡುವೆ ಇಷ್ಟು ಸಲ ಕೈ ಬದಲಾಗಿವೆ, ಪ್ರತಿ ಸಲವೂ ನಮ್ಮಂಥವರು ಎಲ್ಲೆಲ್ಲೋ ಕೂತು ಬೆಲೆ ಕಟ್ಟಿದ್ದೇವೆ, ಆ ನೆಲದಿಂದ ಈ ಯೋಜನೆಯ ಒಂದು ಹಡಗೂ ಅನಿಲ ತುಂಬಿಕೊಂಡು ಹೊರಟಿಲ್ಲ. ಅಷ್ಟರಲ್ಲಿ ಅಲ್ಲಿ ನಿಜವಾಗಿ ಜಾಗ ಬದಲಿಸಿದವರು ಮಿಲಾಂಬಾದವರು.

ಸೋಮವಾರ ನಾನು ಹುಡುಗನಿಗೆ ಏನೂ ಹೇಳಲಿಲ್ಲ, ಸಹಿ ಮಾಡಿ ಬಂದೆ. ನಿನ್ನೆ ಅರ್ಜಿಯ ಪ್ರತಿ ತರಲು ಮತ್ತೆ ಹೋದಾಗ ಕೇಳಿದೆ: “ವಾರ್ಷಿಕ ಸಭೆಯೊಳಗ ಷೇರುದಾರರು ಪ್ರಶ್ನೆ ಕೇಳಬೇಕಂದ್ರ ಹೆಂಗ?” ಮೊದಲೇ ಹೆಸರು ನೋಂದಾಯಿಸಬೇಕು, ಸಭೆ ಆನ್‌ಲೈನ್‌ನಲ್ಲೇ ನಡೆಯುತ್ತದೆ, ಮಾತಾಡಲು ಎರಡು ಮೂರು ನಿಮಿಷ ಕೊಡುತ್ತಾರೆ, ನೋಟಿಸ್ ಬಂದಾಗ ತಾನೇ ತುಂಬಿಕೊಡುತ್ತೇನೆ ಎಂದ. ಏನು ಕೇಳುತ್ತೀರಿ ಎಂದೂ ಕೇಳಿದ. ಕಿತುಂಡಾದ ವಿಷಯ ಹೇಳಿದೆ. ಅವನು ಫೋನಿನ ನಕ್ಷೆಯಲ್ಲಿ ಹೆಸರು ಹಾಕಿ ಹುಡುಕಿದ, ಎರಡು ಬೆರಳಿನಿಂದ ಹಿಗ್ಗಿಸಿದ, ಸಾಲು ಸಾಲಾದ ಚಾವಣಿಗಳು ಕಂಡಾಗ ಫೋನನ್ನು ನನ್ನ ಕಡೆ ತಿರುಗಿಸಿ, “ಇಷ್ಟ ಮನಿ ಅದಾವೇನ್ರಿ ಅಲ್ಲೆ?” ಎಂದ.