ಧೋಲಾವೀರಾಕ್ಕೆ ಹೋಗುವವರು ನೀರಿನ ಜಾಡು ಹಿಡಿಯಿರಿ

ಸಿಂಧೂ ನಾಗರಿಕತೆ ಎಂದರೆ ಸುಟ್ಟ ಇಟ್ಟಿಗೆಯ ಮನೆಗಳು, ಪಕ್ಕದಲ್ಲೊಂದು ಮಹಾನದಿ ಎಂದುಕೊಂಡು ಹೋದರೆ ಧೋಲಾವೀರಾದಲ್ಲಿ ಎರಡೂ ಕಾಣುವುದಿಲ್ಲ. ಗುಜರಾತಿನ ಕಛ್‌ನ ರಣ್ ಎಂಬ ಉಪ್ಪುಬಯಲಿನ ನಡುವೆ, ಖದಿರ್ ದ್ವೀಪದಲ್ಲಿ, ಹೆಚ್ಚಾಗಿ ಕಲ್ಲಿನಿಂದ ಕಟ್ಟಿದ ನಗರ ಇದು. ನೀರಿಗೆ ಇದ್ದದ್ದು ಮಾನ್ಸರ್, ಮನ್‌ಹರ್ ಎಂಬ ಎರಡು ಮಳೆಹಳ್ಳಗಳು. ಇಂಥ ಕಡೆ ಸಾವಿರಕ್ಕೂ ಹೆಚ್ಚು ವರ್ಷ ಜನ ಬಾಳಿದ್ದು ಹೇಗೆಂಬುದೇ ಇಲ್ಲಿ ನೋಡಬೇಕಾದದ್ದು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಭುಜ್‌ನಿಂದ ಖಾವ್ಡಾ ಮೇಲೆ ರಣ್ ದಾಟುವ ಹೊಸ ರಸ್ತೆಯಲ್ಲಿ ಸುಮಾರು 140 ಕಿ.ಮೀ.; ಭಚಾವ್, ರಾಪರ್ ಸುತ್ತಿ ಬಂದರೆ 200 ದಾಟುತ್ತದೆ. ಬಸ್ಸು ನಂಬಿ ಹೊರಡಬೇಡಿ, ಗಾಡಿ ಗೊತ್ತುಮಾಡಿಕೊಳ್ಳಿ. ಪೆಟ್ರೋಲು ಭುಜ್‌ನಲ್ಲೇ ತುಂಬಿಸಿ. ಬಹಳ ಜನ ಎಡವುವುದು ಒಂದೇ ದಿನದಲ್ಲಿ ಹೋಗಿಬರಲು ಹೊರಟು. ತಲುಪುವ ಹೊತ್ತಿಗೆ ನಡುಮಧ್ಯಾಹ್ನ, ಅವಶೇಷಗಳ ನಡುವೆ ನೆರಳಿಲ್ಲ; ಕೋಟೆಯ ಮೇಲೊಂದು ಫೋಟೊ ತೆಗೆದು ಮರಳುತ್ತಾರೆ. ಹಿಂದಿನ ರಾತ್ರಿಯೇ ಹತ್ತಿರ ತಂಗಿ, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಗಿರಿ. ಮೂರು ತಾಸು, ತಲೆಗೆ ಎರಡು ಲೀಟರ್ ನೀರು ಬೇಕು. ಶುಕ್ರವಾರ ಮ್ಯೂಸಿಯಂ ರಜೆ.

ಮೊದಲು ಕೋಟೆ ಹತ್ತಬೇಡಿ, ಪೂರ್ವದ ಜಲಾಶಯಕ್ಕೆ ಹೋಗಿ. ಉದ್ದ 73 ಮೀಟರ್, ಅಗಲ 29, ಆಳ ಸುಮಾರು 10. ಮೂಲೆಯಲ್ಲಿ ಮೆಟ್ಟಿಲ ಸಾಲು. ಊರಿನ ನೆಲಕ್ಕೆ ಸುಮಾರು 13 ಮೀಟರ್ ಇಳಿಜಾರಿದೆ. ಹಳ್ಳಕ್ಕೆ ಅಡ್ಡಕಟ್ಟೆ ಹಾಕಿ ನೀರು ತಿರುಗಿಸಿದರೆ ಒಂದು ಕೆರೆ ತುಂಬಿ ಮುಂದಿನದಕ್ಕೆ ಹರಿಯುತ್ತಿತ್ತು. ನಮ್ಮ ಸೀಮೆಯ ಕೆರೆಸರಪಳಿ ಕಂಡವರಿಗೆ ಈ ಲೆಕ್ಕ ತಕ್ಷಣ ಹೊಳೆಯುತ್ತದೆ. ಅಲ್ಲಿಂದ ಬಂಡೆಯನ್ನೇ ಕೊರೆದ ದಕ್ಷಿಣದ ಹೊಂಡಗಳು, ಆಮೇಲೆ ಕೋಟೆ. ಮೇಲೆ ಮಳೆನೀರಿನ ದೊಡ್ಡ ಕಲ್ಲುಗಾಲುವೆಗಳಿವೆ. ಬಾವಿಯ ಹತ್ತಿರ ನಿಧಾನಿಸಿ: ಅಂಚಿನ ಕಲ್ಲಿನಲ್ಲಿ ಹಗ್ಗ ಉಜ್ಜಿ ಬಿದ್ದ ಗೀರುಗಳು ಇಂದಿಗೂ ಇವೆ. ಅವುಗಳಷ್ಟು ಹತ್ತಿರಕ್ಕೆ ಆ ಜನರನ್ನು ತರುವ ಗುರುತು ಇಲ್ಲಿ ಇನ್ನೊಂದಿಲ್ಲ.

ಉತ್ತರದ ಬಾಗಿಲಲ್ಲಿ ಹತ್ತು ದೊಡ್ಡ ಅಕ್ಷರಗಳ ಫಲಕ ಹುಡುಕಿ ನಿರಾಶರಾಗುವವರಿದ್ದಾರೆ. ಸುಮಾರು 37 ಸೆಂ.ಮೀ. ಎತ್ತರದ, ಜಿಪ್ಸಂ ತುಂಡುಗಳ ಆ ಅಕ್ಷರಗಳು ಸಿಕ್ಕಿದ್ದು ಅಲ್ಲೇ, ಪುರಾತತ್ವಜ್ಞ ಆರ್.ಎಸ್. ಬಿಷ್ಟ್ ನೇತೃತ್ವದ ಉತ್ಖನನದಲ್ಲಿ. ಆದರೆ ಮೂಲ ಫಲಕ ಬಯಲಲ್ಲಿ ನೋಡಸಿಗುವುದಿಲ್ಲ. ಅದರ ಲಿಪಿಯನ್ನು ಒಪ್ಪುವಂತೆ ಓದಿದವರು ಇನ್ನೂ ಯಾರೂ ಇಲ್ಲ. ಅರ್ಥ ಹೇಳುವ ಗೈಡ್ ಸಿಕ್ಕರೆ ನಂಬಬೇಡಿ.

ಗೋಡೆಗಳ ಮೇಲೆ ನಡೆಯಬೇಡಿ, ಕಲ್ಲು ಸಡಿಲವಾಗಿವೆ. ಸಂಜೆ ಬಿಡುವಿದ್ದರೆ ರಣ್ ಅಂಚಿನ ಮರದ ಪಳೆಯುಳಿಕೆ ನೋಡಿ ಬನ್ನಿ. ಅದು ಜುರಾಸಿಕ್ ಕಾಲದ್ದು.