ನಮ್ಮ ಮನೆಯ ಎರ್ರಿ

ಅಣ್ಣನ ಹೆಸರು ಎರ್ರಿಸ್ವಾಮಿ. ಮನೆಯಲ್ಲಿ, ಓಣಿಯಲ್ಲಿ ಎಲ್ಲರಿಗೂ ಅವನು ಎರ್ರಿ. ಬಳ್ಳಾರಿ ಸೀಮೆಯಲ್ಲಿ ಇದು ತೀರಾ ಮಾಮೂಲಿ ಹೆಸರು.

ಅತ್ತಿಗೆ ಗುಂಟೂರಿನವರು. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಎಲ್ಲರೂ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಕೂತಿದ್ದೆವು. ಅಜ್ಜಿ ಒಳಗಿನಿಂದ "ಏ ಎರ್ರಿ, ಚಾ ತಗೊಂಡು ಹೋಗೋ" ಎಂದು ಕೂಗಿದರು. ಅತ್ತಿಗೆಯ ಮುಖ ಬಾಡಿತು. ಆಮೇಲೆ ಮೆಲ್ಲಗೆ ನನ್ನ ಹತ್ತಿರ ಹೇಳಿಕೊಂಡರು. ಲಗ್ನಪತ್ರಿಕೆ ನೋಡಿ ಅವರ ಕಡೆಯ ಹುಡುಗರು ನಕ್ಕಿದ್ದರಂತೆ. ತೆಲುಗಿನಲ್ಲಿ ವೆರ್ರಿ ಅಂದರೆ ಹುಚ್ಚು. ಆಡುಮಾತಿನಲ್ಲಿ ಅದೇ ಎರ್ರಿ. ಸುಲಭಕ್ಕೆ ಮೋಸ ಹೋಗುವವನನ್ನು ಎರ್ರಿಪಪ್ಪ ಅಂತ ಆಡಿಕೊಳ್ಳುತ್ತಾರೆ. ಕೇಳಿ ನನಗೆ ತುಂಬಾ ಸಂಕಟವಾಯಿತು.

ಅಜ್ಜಿಯ ತವರು ರಾಯದುರ್ಗ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಾಗ ಆ ತಾಲ್ಲೂಕು ಆಂಧ್ರಕ್ಕೆ ಹೋಯಿತು. ಅಜ್ಜಿಗೆ ಎರಡೂ ಭಾಷೆ ಮನೆಮಾತೇ. ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆಲುಗಿನಲ್ಲೇ ಹೇಳಿದರು: "ಹೌದವ್ವ, ಹುಚ್ಚು ಅಂತಲೇ ಅರ್ಥ. ಇಲ್ಲೇ ಬಳ್ಳಾರಿ ಹತ್ತಿರದ ಚೆಳ್ಳಗುರ್ಕಿಯಲ್ಲಿದ್ದ ತಾತ ಅವಧೂತ. ಉಡೋದು, ಉಣ್ಣೋದು, ಮಾನ, ಅವಮಾನ ಯಾವುದರ ಹಂಗೂ ಇರಲಿಲ್ಲ. ಜನ ಎರ್ರಿ ಅಂದರು. ಆಮೇಲೆ ಅದೇ ಬಾಯಿಂದ ಎರ್ರಿತಾತ ಅಂತ ಕೈಮುಗಿದರು."

ಇನ್ನೊಂದು ವಿಷಯವನ್ನು ಅಜ್ಜಿ ಅವತ್ತೇ ಮೊದಲು ಬಾಯಿಬಿಟ್ಟರು. ಅಣ್ಣನಿಗಿಂತ ಮುಂಚೆ ಅಮ್ಮನಿಗೆ ಎರಡು ಕೂಸು ಹುಟ್ಟಿ ಹೋಗಿದ್ದವಂತೆ. ಮೂರನೆಯದು ಉಳಿದರೆ ಎರ್ರಿತಾತನ ಹೆಸರು ಇಡುತ್ತೇನೆ ಅಂತ ಹರಕೆ ಹೊತ್ತಿದ್ದರು. ನಮ್ಮ ಕಡೆ ತಿಪ್ಪಣ್ಣ, ಹುಚ್ಚಪ್ಪ ಅಂತ ಹೆಸರಿಡುವುದರ ಹಿಂದೆಯೂ ಇಂಥದ್ದೇ ಭಯ ಇರುತ್ತದೆ. ಉಳಿಯದ ಮಕ್ಕಳ ಬೆನ್ನಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯಲ್ಲಿ ಹೊರಳಾಡಿಸಿ ತಿಪ್ಪ ಅಂತ ಕರೆಯುವುದುಂಟು. ಚೆಂದದ ಹೆಸರಿಗೆ ಕಣ್ಣು ಬೀಳುತ್ತೆ ಅಂತ. ಈ ಹೆಸರುಗಳನ್ನು ಕೇಳಿ ನಗುವವರನ್ನು ಕಂಡರೆ ನನಗೆ ಈಗ ಮೊದಲಿಗಿಂತ ಜಾಸ್ತಿ ನೋವಾಗುತ್ತದೆ.

ಮರುದಿನ ಎಲ್ಲರೂ ಚೆಳ್ಳಗುರ್ಕಿಗೆ ಹೋದೆವು. ಅತ್ತಿಗೆ ಗದ್ದುಗೆಯ ಮುಂದೆ ಬಹಳ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ದಾಸೋಹಕ್ಕೆ ಕೂತೆವು. ಬಡಿಸುವವರೊಬ್ಬರು "ಎರ್ರೀ, ಇತ್ತ ಸಾರು ತಾರೋ" ಎಂದು ಕೂಗಿದರು. ನಮ್ಮ ಸಾಲಿನಲ್ಲೇ ಮೂವರು ತಲೆಯೆತ್ತಿದರು. ಅಣ್ಣನೂ ಎತ್ತಿದ.

ಅತ್ತಿಗೆ ಅವನ ಮುಂಗೈ ಮುಟ್ಟಿ, "ನಿಮ್ಮನ್ನಲ್ಲ ಎರ್ರಿ, ನೀವು ಊಟ ಮಾಡಿ" ಅಂದರು.